ಕಾಡಿನ ಮಾರ್ಗ ಅಗಲವಾಗುವ ಮುನ್ನ

ಚೆರ್ಕಳದಿಂದ ಮುಳ್ಳೇರಿಯ, ಆದೂರು ಮೂಲಕ ಜಾಲ್ಸೂರಿಗೆ ಹೋಗುವ ಮಾರ್ಗದಲ್ಲಿ ನಿತ್ಯ ಓಡಾಡುವವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅಂಗಡಿ ಸಾಲು, ಕಂಗಿನ ತೋಟ, ಗೇರು ಗುಡ್ಡೆ ಎಲ್ಲ ಹಿಂದೆ ಬಿದ್ದು ಕಾಡು ಆರಂಭವಾಗುವಲ್ಲಿ ಬಸ್ಸಿನ ಕಿಟಕಿಯಿಂದ ಬರುವ ಗಾಳಿ ಒಮ್ಮೆಲೇ ತಂಪಾಗುತ್ತದೆ. ಕೆಲವು ತಿರುವುಗಳಲ್ಲಿ ಎರಡು ಬದಿಯ ಮರಗಳ ಗೆಲ್ಲುಗಳು ಮೇಲೆ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಿರುತ್ತವೆ. ಬಸ್ಸು ಕೆಟ್ಟು ಅಲ್ಲಿಯೇ ನಿಂತಿತೆನ್ನಿ. ಡ್ರೈವರನನ್ನೂ ಕಂಡಕ್ಟರನನ್ನೂ ಬಯ್ಯುವವರು ಬಯ್ದು ಮುಗಿಸಿದ ಮೇಲೆ ಬೇರೊಂದು ಸದ್ದು ಕಿವಿಗೆ ಬೀಳುತ್ತದೆ. ಕುಟ್ರುಹಕ್ಕಿ ಒಂದೇ ಸಮನೆ ಕೂಗುತ್ತಿರುತ್ತದೆ, ಎಲ್ಲೋ ಮರಕುಟಿಗ ಬಡಿಯುತ್ತಿರುತ್ತದೆ, ಭೀಮರಾಜ ನಾಲ್ಕಾರು ಹಕ್ಕಿಗಳ ದನಿಯನ್ನು ಕದ್ದು ಆಡುತ್ತಿರುತ್ತದೆ. ಮತ್ತೊಂದು ಬಸ್ಸು ಹಾರನ್ ಹೊಡೆಯುತ್ತ ಬಂದಿತೋ, ಎಲ್ಲವೂ ನಿಂತುಹೋಗುತ್ತದೆ.

ಇಂಥ ಮಾರ್ಗಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಕೆಲವು ಉಳಿದಿವೆ. ಕಾರಡ್ಕದ ಕಾಡಿನ ಬದಿಯ ಒಳಮಾರ್ಗಗಳು, ದೇಲಂಪಾಡಿಯ ಕಡೆಯವು, ರಾಣಿಪುರಕ್ಕೆ ಹತ್ತುವ ದಾರಿ, ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲಕ್ಕೆ ಏರುವ ಘಾಟಿ. ಇವೆಲ್ಲ ಇಂದಲ್ಲ ನಾಳೆ ಅಗಲವಾಗುವವು, ನೇರವಾಗುವವು. ಮಂಜೇಶ್ವರ ತಾಲೂಕಿನ ನಂದಾರಪದವಿನಿಂದ ಹೊರಟು ತಿರುವನಂತಪುರ ಜಿಲ್ಲೆಯ ಪಾರಶಾಲದವರೆಗೆ ಹೋಗುವ ಮಲೆನಾಡು ಹೆದ್ದಾರಿಯ ಯೋಜನೆ ಓದುಗರಿಗೆ ಗೊತ್ತೇ ಇದೆ. 12 ಮೀಟರ್ ಅಗಲದ ಆ ಮಾರ್ಗ ನಮ್ಮ ಜಿಲ್ಲೆಯ ಗುಡ್ಡೆಗಾಡಿನ ಊರುಗಳನ್ನು ಒಂದಕ್ಕೊಂದು ಪೋಣಿಸುತ್ತದೆ. ಕೋಳಿಚ್ಚಾಲಿನಿಂದ ಚೆರುಪುಳಕ್ಕೆ ಹೋಗುವ ಭಾಗದಲ್ಲಿ ಕಾಡಿನ ತುಂಡುಗಳು ಅಡ್ಡ ಬಂದು, ಅರಣ್ಯ ಇಲಾಖೆಯ ಅನುಮತಿಗಾಗಿ ಕೆಲಸ ಬಹಳ ಕಾಲ ನಿಂತಿತ್ತು. ಆಗ ಊರವರು ಗೊಣಗಿದ್ದು ಸಹಜ. ಆದರೆ ಅಂಥ ತುಂಡುಗಳಲ್ಲಿ ಮಾರ್ಗವನ್ನು ಹೇಗೆ ಮಾಡಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತಿದಂತೆ ತೋರಲಿಲ್ಲ. ಬೇಕು ಎನ್ನುವವರು ಒಂದು ಕಡೆ, ಬೇಡ ಎನ್ನುವವರು ಇನ್ನೊಂದು ಕಡೆ. ಹೇಗೆ ಎಂದು ಕೇಳುವವರಿಗೆ ಎರಡು ಕಡೆಯಲ್ಲಿಯೂ ಜಾಗವಿಲ್ಲ.

ಮಾರ್ಗವೇ ಬೇಡವೆಂದು ಈ ಲೇಖಕ ಹೇಳಲಾರ. ಹಾಗೆ ಹೇಳುವ ಹಕ್ಕು ಕಾಸರಗೋಡಿನವರಾದ ನಮಗೆ ಯಾರಿಗೂ ಇಲ್ಲ. 2020ರ ಮಾರ್ಚ್ ಕೊನೆಯ ವಾರವನ್ನು ನೆನಪಿಸಿಕೊಳ್ಳಿ. ಕೊರೋನಾ ಭಯದಿಂದ ಕರ್ನಾಟಕದವರು ತಲಪಾಡಿಯಿಂದ ಹಿಡಿದು ಒಳನಾಡಿನವರೆಗೆ ಗಡಿಯ ಮಾರ್ಗಗಳಿಗೆ ಮಣ್ಣು ಸುರಿದರು. ಕಾಯಿಲೆ ಬಂದರೆ ಮಂಗಳೂರಿಗೆ ಓಡುವುದೇ ರೂಢಿಯಾಗಿದ್ದ ಜಿಲ್ಲೆಯ ಜನ ಗಡಿಯಲ್ಲಿಯೇ ತಡೆಯಲ್ಪಟ್ಟು, ಚಿಕಿತ್ಸೆ ಸಿಗದೆ ಹಲವರು ಪ್ರಾಣ ಬಿಟ್ಟರು. ಸಂಗತಿ ಕೇರಳದ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಕನ್ನಡದ ಹೆಸರಿನಲ್ಲಿ ನಾವು ಯಾವ ರಾಜ್ಯದ ಕಡೆಗೆ ಮುಖ ಮಾಡಿ ನಿಂತಿದ್ದೆವೋ ಆ ರಾಜ್ಯವೇ ನಮ್ಮ ಮುಖಕ್ಕೆ ಬಾಗಿಲು ಹಾಕಿದ ದಿನಗಳವು. ಆ ದಿನಗಳಲ್ಲಿ ಕಾಡಿನ ಮಾರ್ಗಗಳು ಎಷ್ಟು ನಿಶ್ಶಬ್ದವಾಗಿದ್ದವು ಎಂದರೆ ಮನೆಯಂಗಳದಲ್ಲಿ ನಿಂತವರಿಗೆ ಎದುರು ಗುಡ್ಡೆಯ ಕಾಡುಕೋಳಿಯ ಕೂಗು ಕೇಳಿಸುತ್ತಿತ್ತು. ಹಕ್ಕಿಗಳಿಗೆ ಅದು ಸುಗ್ಗಿ. ಆದರೆ ಆ ನಿಶ್ಶಬ್ದಕ್ಕೆ ನಾವು ಕೊಟ್ಟ ಬೆಲೆ ನೆನಪಿರುವವರು ಅದನ್ನು ಮತ್ತೆ ಬಯಸುವುದಿಲ್ಲ.

ಆದರೂ ಆ ಕಾಲದಿಂದ ಕಲಿಯತಕ್ಕದ್ದು ಒಂದಿದೆ. ಅದೇ 2020ರಲ್ಲಿ ಅಮೆರಿಕದ ಸಾನ್‌ಫ್ರಾನ್ಸಿಸ್ಕೋದಲ್ಲಿ ವಿಜ್ಞಾನಿಗಳು ಒಂದು ಜಾತಿಯ ಗುಬ್ಬಚ್ಚಿಯ ಹಾಡನ್ನು ಧ್ವನಿಮುದ್ರಿಸಿ, ಹಿಂದಿನ ವರ್ಷಗಳ ಮುದ್ರಣದೊಡನೆ ಹೋಲಿಸಿ ನೋಡಿದರು. ವಾಹನಗಳು ನಿಂತು ಆ ಊರಿನ ಗದ್ದಲ 1954ರ ಸುಮಾರಿನ ಮಟ್ಟಕ್ಕೆ ಇಳಿದಿತ್ತಂತೆ. ಹಕ್ಕಿಗಳು ಮೊದಲಿನಂತೆ ಕಿರುಚುವುದನ್ನು ಬಿಟ್ಟು ಮೆಲುದನಿಯಲ್ಲಿ ಹಾಡತೊಡಗಿದವು. ಮೆಲುದನಿಯಾದರೂ ಅದು ಮೊದಲಿಗಿಂತ ಎರಡು ಪಾಲು ದೂರಕ್ಕೆ ತಲಪುತ್ತಿತ್ತು. ಅಂದರೆ ಅಷ್ಟು ವರ್ಷ ಅವು ಗಂಟಲು ಹರಿದುಕೊಂಡು ಕೂಗುತ್ತಿದ್ದುದು ನಮ್ಮ ಗದ್ದಲವನ್ನು ಮೀರುವುದಕ್ಕಾಗಿ.

ಹಕ್ಕಿಗೆ ದನಿ ಎಂದರೆ ಬದುಕು. ಹೆಣ್ಣನ್ನು ಕರೆಯುವುದು, ತನ್ನ ಎಲ್ಲೆಯನ್ನು ಸಾರುವುದು, ಗಿಡುಗ ಬಂದರೆ ಮರಿಗಳನ್ನು ಎಚ್ಚರಿಸುವುದು, ಎಲ್ಲವೂ ದನಿಯಿಂದಲೇ. ವಾಹನದ ಸದ್ದು ಬಹುಪಾಲು ಮಂದ್ರ ಸ್ಥಾಯಿಯದು. ಆದ್ದರಿಂದ ಗೂಬೆ, ಕೆಂಬೂತ, ಕಾಡುಪಾರಿವಾಳಗಳಂಥ ದಪ್ಪ ದನಿಯ ಹಕ್ಕಿಗಳ ಕೂಗು ಅದರಲ್ಲಿ ಮುಳುಗಿಹೋಗುತ್ತದೆ. ಸೂರಕ್ಕಿಯಂಥ ಕೀರಲು ದನಿಯವು ಹೇಗೋ ಬಚಾವಾಗುತ್ತವೆ. ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಗದ್ದಲದ ಬೀದಿಯ ಹಕ್ಕಿಗಳು ತಮ್ಮ ಹಾಡಿನ ಶ್ರುತಿಯನ್ನೇ ಏರಿಸಿಕೊಂಡಿರುವುದು 2003ರಲ್ಲಿ ತಿಳಿದುಬಂತು. ಎಲ್ಲ ಹಕ್ಕಿಗಳಿಗೂ ಹಾಗೆ ಶ್ರುತಿ ಬದಲಿಸಲು ಬರುವುದಿಲ್ಲ.

ಸದ್ದೊಂದೇ ಇಷ್ಟು ಕೆಡಿಸಬಲ್ಲುದೇ, ಹೊಗೆ, ಧೂಳು, ಮರ ಕಡಿತ ಇವುಗಳ ಪಾಲೂ ಇಲ್ಲವೇ ಎಂದು ಕೇಳಬಹುದು. ಅಮೆರಿಕದ ಇಡಾಹೊ ಎಂಬಲ್ಲಿ ಕೆಲವು ವಿಜ್ಞಾನಿಗಳಿಗೂ ಇದೇ ಸಂಶಯ ಬಂತು. ಅವರು ಮಾರ್ಗವೇ ಇಲ್ಲದ ಒಂದು ಗುಡ್ಡದ ಕಾಡಿನಲ್ಲಿ ಅರ್ಧ ಕಿಲೋಮೀಟರು ಉದ್ದಕ್ಕೆ ಧ್ವನಿವರ್ಧಕಗಳನ್ನು ಕಟ್ಟಿ, ವಾಹನಗಳ ಸದ್ದನ್ನು ನಾಲ್ಕು ದಿನ ಹಾಕಿ, ನಾಲ್ಕು ದಿನ ನಿಲ್ಲಿಸಿ, ಹೀಗೆ ಪರೀಕ್ಷಿಸಿದರು. ಮಾರ್ಗವಿಲ್ಲ, ವಾಹನವಿಲ್ಲ, ಬರಿಯ ಸದ್ದು. ಸದ್ದು ಹಾಕಿದ ದಿನಗಳಲ್ಲಿ ಅಲ್ಲಿ ಇಳಿಯುವ ಹಕ್ಕಿಗಳ ಸಂಖ್ಯೆ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. 2013ರಲ್ಲಿ ಪ್ರಕಟವಾದ ಸಂಗತಿ ಇದು.

ಇವೆಲ್ಲ ದೊಡ್ಡ ಗದ್ದಲದ ಮಾತು. ನಮ್ಮ ಕಾಡಿನ ಮಾರ್ಗದಲ್ಲಿ ಹತ್ತು ನಿಮಿಷಕ್ಕೊಂದು ಜೀಪು, ಗಂಟೆಗೊಂದು ಬಸ್ಸು, ನಡುವೆ ನಾಲ್ಕು ಬೈಕು. ಇಂಥ ಮಾರ್ಗದಿಂದ ಹಕ್ಕಿಗೇನು ಕೇಡು? ವಾಸ್ತವದಲ್ಲಿ ಸದ್ದಿಲ್ಲದ ಮಾರ್ಗ ಕೆಲವು ಹಕ್ಕಿಗಳಿಗೆ ಉಪಕಾರವನ್ನೇ ಮಾಡುತ್ತದೆ. ಕಾಡುಕೋಳಿ ಮುಂಜಾನೆ ತನ್ನ ಸಂಸಾರವನ್ನು ಮಾರ್ಗದ ಬದಿಗೆ ಕರೆತಂದು ಕೆದಕಿಸುತ್ತದೆ. ಪಚ್ಚೆ ರೆಕ್ಕೆಯ ಪಾರಿವಾಳ ಡಾಮರಿನ ಮೇಲೆ ಬಿದ್ದ ಕಾಳು ಹೆಕ್ಕುತ್ತದೆ. ಪಿಕಳಾರಗಳಿಗೆ ಮಾರ್ಗದಂಚಿನ ಬಲ್ಲೆಯ ಹಣ್ಣು ಇಷ್ಟ. ಕಾಜಾಣಕ್ಕೆ ತಂತಿಯ ಮೇಲೆ ಕುಳಿತು ಹುಳ ಹಿಡಿಯಲು ಬಯಲು ಬೇಕು. ರಾತ್ರಿಯಾದರೆ ನತ್ತಿಂಗ ಹಕ್ಕಿ ಬಿಸಿಲು ಕುಡಿದ ಡಾಮರಿನ ಮೇಲೆ ಬಂದು ಕೂರುತ್ತದೆ. ವಾಹನದ ಬೆಳಕು ಬಿದ್ದಾಗ ಕೆಂಡದ ಹಾಗೆ ಹೊಳೆಯುವ ಅದರ ಕಣ್ಣುಗಳನ್ನು ಕಂಡು ಭೂತವೆಂದು ಹೆದರಿದವರೂ ಇದ್ದಾರೆ. ನಿಧಾನಕ್ಕೆ ಹೋಗುವ ವಾಹನವಾದರೆ ಅದು ಹಾರಿ ತಪ್ಪಿಸಿಕೊಳ್ಳುತ್ತದೆ, ವೇಗದ್ದಾದರೆ ಅಲ್ಲಿಯೇ ಅರೆಯಲ್ಪಡುತ್ತದೆ.

ಇಲ್ಲಿಯೇ ನಾವು ಮೋಸಹೋಗುವುದು. ಮಾರ್ಗದಲ್ಲಿ ಹೋಗುವವನಿಗೆ ಕಾಣುವುದು ಮಾರ್ಗವನ್ನು ಒಪ್ಪಿಕೊಂಡ ಹಕ್ಕಿಗಳು ಮಾತ್ರ. ಒಪ್ಪದೆ ಒಳಗೆ ಸರಿದವುಗಳನ್ನು ಅವನು ಕಾಣುವುದಿಲ್ಲ, ಕಾಣದ್ದರ ಕೊರತೆ ಅವನಿಗೆ ಗೊತ್ತಾಗುವುದೂ ಇಲ್ಲ. ಬ್ರಿಟನ್ನಿನಲ್ಲಿ 75 ಜಾತಿಯ ಹಕ್ಕಿಗಳನ್ನು ಮಾರ್ಗಗಳಿಗೆ ಹೊಂದಿಸಿ ಲೆಕ್ಕ ನೋಡಿದ ಒಂದು ಅಧ್ಯಯನ 2020ರಲ್ಲಿ ಬಂದಿದೆ. ನಾಲ್ಕರಲ್ಲಿ ಮೂರು ಪಾಲು ಜಾತಿಗಳ ಸಂಖ್ಯೆ ಮಾರ್ಗಗಳಿಗೆ ತಕ್ಕಂತೆ ಏರುಪೇರಾಗುತ್ತಿತ್ತು. ಎಲ್ಲೆಲ್ಲಿಯೂ ಸಿಗುವ ಜಾತಿಗಳು ಮಾರ್ಗಗಳಿರುವಲ್ಲಿ ಹೆಚ್ಚಾಗಿದ್ದವು, ವಿರಳವಾದವು ಇನ್ನೂ ವಿರಳವಾಗಿದ್ದವು. ಕಡಿಮೆಯಾದ ಜಾತಿಗಳಲ್ಲಿ ಮಾರ್ಗದ ಪ್ರಭಾವ ಸರಾಸರಿ 700 ಮೀಟರಿನಷ್ಟು ದೂರಕ್ಕೆ ಹೋಗಿತ್ತು. ನಮ್ಮ ಜಿಲ್ಲೆಯ ಕಾಡುಗಳು ಆಗಲೇ ತುಂಡು ತುಂಡಾಗಿವೆ. ಒಂದು ಬದಿಗೆ 700, ಇನ್ನೊಂದು ಬದಿಗೆ 700 ಎಂದು ಅಳೆದರೆ ನಡುವೆ ಉಳಿಯುವುದೆಷ್ಟು?

ಮಾರ್ಗ ಸದ್ದಿಲ್ಲದ್ದಾದರೂ ಅದರ ಮೇಲಿನ ಆಕಾಶ ತೆರೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲಿನ ಅಮೆಜಾನ್ ಕಾಡಿನಿಂದ ಒಂದು ನಿದರ್ಶನವಿದೆ. ಮನೌಸ್ ಬಳಿ ವಾಹನವೇ ವಿರಳವಾದ ಮಣ್ಣಿನ ಮಾರ್ಗಗಳ ಬದಿಯಲ್ಲಿ, ನೆಲಕ್ಕೆ ಹತ್ತಿರ ಬಲ್ಲೆಯೊಳಗೆ ಹಿಂಡಾಗಿ ಹುಳ ಹುಡುಕುವ ಹಕ್ಕಿಗಳನ್ನು ಸಂಶೋಧಕರು ಹಿಂಬಾಲಿಸಿದರು. ರೆಕ್ಕೆ ಇರುವ ಪ್ರಾಣಿ, ನಾಲ್ಕು ಬಡಿತಕ್ಕೆ ಆಚೆ ಬದಿ. ಆದರೂ ಆ ಹಿಂಡುಗಳು ಮಾರ್ಗದ ಅಂಚಿಗೆ ಬಂದು ಹಿಂದೆ ತಿರುಗುತ್ತಿದ್ದವು. ಮಾರ್ಗವೇ ಅವುಗಳಿಗೆ ಗಡಿಯಾಗಿಬಿಟ್ಟಿತ್ತು. ಕತ್ತಲ ಕಾಡಿನ ಹಕ್ಕಿಗೆ ಬಿಸಿಲು ಬಿದ್ದ ಬಯಲೆಂದರೆ ಗಿಡುಗನ ಬಾಯಿ. ಕಡಿದಲ್ಲಿ ಮರಳಿ ಗಿಡಮರ ಬೆಳೆದು ಮೇಲೆ ಕೂಡಿಕೊಂಡರೆ ಅವು ಮತ್ತೆ ದಾಟುತ್ತವೆ. 1956ರಲ್ಲಿ ಯಾರೋ ಎಳೆದ ಗೆರೆಯ ಈಚೆ ಉಳಿದ ನಮಗೆ, ದಾಟಲು ಕಾಲಿದ್ದೂ ದಾಟಲಾಗದವರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ಕಾಡಿನ ಮಾರ್ಗದಲ್ಲಿ ಮುಖ್ಯವಾದದ್ದು ಡಾಮರೋ ಮಣ್ಣೋ ಎಂಬುದಕ್ಕಿಂತ ಮೇಲಿನ ಗೆಲ್ಲುಗಳು ಕೂಡಿವೆಯೋ ಇಲ್ಲವೋ ಎಂಬುದು. ಎರಡನೆಯದು, ಬದಿಯ ಹಳೆಯ ಮರಗಳನ್ನು ಏನು ಮಾಡುತ್ತೇವೆ, ಯಾವ ತಿಂಗಳಲ್ಲಿ ಮಾಡುತ್ತೇವೆ ಎಂಬುದು. ಈ ಎರಡನೆಯದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಮಂಗಟ್ಟೆ ಹಕ್ಕಿಯನ್ನು ನೋಡದವರೂ ಅದರ ಕೂಗನ್ನು ಕೇಳಿಯೇ ಇರುತ್ತಾರೆ. ಮಲಯಾಳದವರು ವೇಳಾಂಬಲ್ ಎನ್ನುತ್ತಾರೆ. ಅದರಲ್ಲಿ ಬೂದು ಬಣ್ಣದ ಚಿಕ್ಕ ಜಾತಿಯೊಂದು ನಮ್ಮ ಪಶ್ಚಿಮ ಘಟ್ಟವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಅದು ಕೂಗಿದರೆ ಯಾರೋ ಕುಡಿದವರು ನಗುತ್ತಿದ್ದಾರೆಯೇ ಎನಿಸುವುದುಂಟು. ಬೇಸಗೆಯ ಆರಂಭದಲ್ಲಿ ಹೆಣ್ಣುಹಕ್ಕಿ ಹಳೆಯ ದೊಡ್ಡ ಮರದ ಪೊಟರೆಯೊಂದನ್ನು ಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿ, ಕೊಕ್ಕು ಹೊರಚಾಚುವಷ್ಟು ಸೀಳು ಮಾತ್ರ ಬಿಟ್ಟುಕೊಂಡು ಒಳಗೆ ಕೂರುತ್ತದೆ. ಹಾರುವ ಗರಿಗಳನ್ನೂ ಅಲ್ಲಿಯೇ ಉದುರಿಸುತ್ತದೆ. ತಿಂಗಳುಗಟ್ಟಲೆ ಗಂಡು ಗೋಳಿಹಣ್ಣು, ಅತ್ತಿಹಣ್ಣು, ಹುಳಹುಪ್ಪಟೆ ತಂದು ಸೀಳಿನಿಂದ ಉಣಿಸಬೇಕು. ಗಂಡಿಗೆ ಏನಾದರೂ ಆದರೆ, ಅಥವಾ ಅದು ಹೆದರಿ ಮರದ ಬಳಿಗೆ ಬರದಿದ್ದರೆ, ಒಳಗಿನ ಜೀವಗಳ ಗತಿ ಊಹಿಸಿಕೊಳ್ಳಬಹುದು. ಆ ಮರವನ್ನೇ ಮಾರ್ಚ್ ತಿಂಗಳಲ್ಲಿ ಕಡಿದರೆ ಬೇರೆ ಹಕ್ಕಿಯಂತೆ ತಾಯಿಯಾದರೂ ಹಾರಿ ಉಳಿದೀತು ಎನ್ನುವಂತಿಲ್ಲ. ಹಾರಲು ಅದಕ್ಕೆ ರೆಕ್ಕೆಯ ಗರಿಯೇ ಇಲ್ಲ.

ಇನ್ನು ಮಾರ್ಗದ ಬದಿಯಲ್ಲಿ ಮೊದಲು ಕೊಡಲಿ ಬೀಳುವುದು ಯಾವ ಮರಕ್ಕೆ? ಪೊಟರೆ ಬಿದ್ದ ಹಳೆಯ ಮರಕ್ಕೆ. ಕಾಗದದಲ್ಲಿ ಅದಕ್ಕೆ ಅಪಾಯಕಾರಿ ಮರ ಎಂದು ಹೆಸರು. ಮಳೆಗಾಲದ ಮೊದಲು ಮುಗಿಸಬೇಕೆಂದು ಈ ಕೆಲಸಕ್ಕೆ ಕೈಹಾಕುವುದು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ. ಮರಕುಟಿಗ, ಕುಟ್ರುಹಕ್ಕಿ, ಗೂಬೆ, ಗಿಳಿ, ಮಂಗಟ್ಟೆ ಎಲ್ಲವೂ ಮರಿ ಮಾಡುವ ತಿಂಗಳುಗಳು ಅವೇ. ಬದಿಯ ಬಲ್ಲೆಯನ್ನು ಯಂತ್ರದಿಂದ ಸವರುವುದೂ ಆಗಲೇ. ಅದರಲ್ಲಿ ಪಿಕಳಾರ, ಹರಟೆಮಲ್ಲಗಳ ಗೂಡು ಇದ್ದೀತೆಂದು ಯಂತ್ರ ಹಿಡಿದವನಿಗೆ ಹೇಳುವವರಿಲ್ಲ. ಅವನ ತಪ್ಪಲ್ಲ, ದಿನದ ಕೂಲಿ ಅವನದು.

2022ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ ಅಗಲ ಮಾಡುವಾಗ, ಹಕ್ಕಿಗಳು ಗುಂಪಾಗಿ ಗೂಡು ಕಟ್ಟಿದ್ದ ಮರವನ್ನು ಮರಿಗಳಿರುವಾಗಲೇ ಉರುಳಿಸಿದ್ದು ದೊಡ್ಡ ಸುದ್ದಿಯಾಯಿತು. ಸತ್ತ ಮರಿಗಳ ಚಿತ್ರ ಕಂಡು ಜನ ಮರುಗಿದರು, ವನ್ಯಜೀವಿ ಕಾನೂನಿನಡಿ ಕೇಸೂ ಆಯಿತು. ಆದರೆ ಅದೇ ವರ್ಷ ಅದೇ ಹೆದ್ದಾರಿಯ ಕೆಲಸದಲ್ಲಿ ನಮ್ಮ ಜಿಲ್ಲೆಯ ಎರಿಯಾಲಿನಲ್ಲಿ ಬೇರೆಯೇ ಒಂದು ಘಟನೆ ನಡೆದಿತ್ತು. ಮೋರಿಯ ಬಳಿ ಹೆಬ್ಬಾವೊಂದು 24 ಮೊಟ್ಟೆ ಇಟ್ಟು ಸುತ್ತಿಕೊಂಡು ಕಾವು ಕೊಡುತ್ತಿರುವುದು ಕಂಡುಬಂತು. ಕೆಲಸ ವಹಿಸಿಕೊಂಡಿದ್ದವರು ಆ ಜಾಗದ ಕೆಲಸವನ್ನು ಐವತ್ತಕ್ಕೂ ಹೆಚ್ಚು ದಿನ ನಿಲ್ಲಿಸಿ, ಮೊಟ್ಟೆ ಒಡೆಯುವ ಹೊತ್ತಿನವರೆಗೆ ಕಾದರು. ಆರು ಪಥದ ರಾಷ್ಟ್ರೀಯ ಹೆದ್ದಾರಿ ಒಂದು ಹಾವಿಗಾಗಿ ಕಾದಿತು! ಹೆದ್ದಾರಿಗೇನೂ ನಷ್ಟವಾಗಲಿಲ್ಲ. ಹಾವಿಗೆ ಸಿಕ್ಕಿದ ಐವತ್ತು ದಿನ ಮಂಗಟ್ಟೆಗೆ ಸಿಗದೆಂದು ನಂಬಲು ಕಾರಣವಿಲ್ಲ.

ಜಿಲ್ಲೆಯ ಆಡಳಿತಕ್ಕೆ ಈ ಕಡೆ ಗಮನವಿಲ್ಲವೆಂದೂ ಹೇಳುವಂತಿಲ್ಲ. 2023ರಲ್ಲಿ ಕಾಸರಗೋಡು ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿಕೊಂಡಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ಜಿಲ್ಲೆ ಎಂಬ ಹೆಸರೂ ಬಂತು. ಹಕ್ಕಿ ಕಡಲಿನ ಬಿಳಿಹೊಟ್ಟೆಯ ಗಿಡುಗ. ಮರ ಕಾಸರಕ. ಊರಿಗೆ ಕಾಸರಗೋಡೆಂಬ ಹೆಸರು ಬಂದದ್ದೇ ಆ ಮರದಿಂದ ಎನ್ನುವವರಿದ್ದಾರೆ. ಕಾಸರಕದ ಬೀಜ ಕಡು ವಿಷ. ಆದರೆ ಮಂಗಟ್ಟೆ ಹಕ್ಕಿಗಳು ಅದರ ಹಣ್ಣನ್ನು ತಿರುಳಿಗಾಗಿ ನಿಶ್ಚಿಂತೆಯಿಂದ ತಿನ್ನುತ್ತವೆ. ಊರಿನ ಹೆಸರಿನ ಮರವೂ ಅದರ ಹಣ್ಣು ತಿನ್ನುವ ಹಕ್ಕಿಯೂ ಹೀಗೆ ಒಂದಕ್ಕೊಂದು ಗಂಟು ಬಿದ್ದಿವೆ.

ಹಕ್ಕಿಗಳ ಲೆಕ್ಕದಲ್ಲಿಯೂ ನಾವು ಗಡಿಯವರೇ. 1933ರಲ್ಲಿ ಸಲೀಂ ಅಲಿಯವರು ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ನಮ್ಮ ತಾಲೂಕು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡದಲ್ಲಿತ್ತು, ಆ ಪುಸ್ತಕದಲ್ಲಿ ನಮಗೆ ಸ್ಥಳವಿರಲಿಲ್ಲ. 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಕೇರಳದ ಹಕ್ಕಿಗಳ ನಕಾಶೆ ಮಾಡಿದಾಗ ಮಾತ್ರ ಸೇರಿದೆವು. ಆ ಕೆಲಸದಲ್ಲಿ 361 ಜಾತಿಗಳು ದಾಖಲಾದವು. ದಕ್ಷಿಣದ ಜಿಲ್ಲೆಗಳಿಗಿಂತ ಉತ್ತರದ ಮತ್ತು ಮಧ್ಯದ ಜಿಲ್ಲೆಗಳಲ್ಲಿ ಜಾತಿಗಳ ಸಂಖ್ಯೆ ಹೆಚ್ಚೆಂದು ಕಂಡುಬಂತು. ಉತ್ತರದ ತುದಿ ಎಂದರೆ ನಾವೇ ಅಲ್ಲವೇ.

ಹಕ್ಕಿ ಹೋದರೆ ನಮಗೇನು ಎಂದು ಬೇರೆ ಜಿಲ್ಲೆಯವರು ಬೇಕಾದರೆ ಕೇಳಲಿ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲದಲ್ಲಿ, ಮಕ್ಕಳ ಕಾಯಿಲೆ ವೈದ್ಯರ ಗಮನಕ್ಕೆ ಬರುವ ಮೊದಲೇ ಜೇನು ಸತ್ತಿತು, ಮೀನು ಸತ್ತಿತು, ಹಕ್ಕಿಗಳ ಸದ್ದು ನಿಂತಿತು ಎಂದು ಎಣ್ಮಕಜೆ, ಪಡ್ರೆ ಕಡೆಯವರು ಹೇಳುತ್ತಿದ್ದರು. ಕೇಳಿದವರು ನಕ್ಕರು. ಸಿಂಪಡಣೆ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಆ ವೇಳೆಗೆ ಆಗಬಾರದ್ದೆಲ್ಲ ಆಗಿಹೋಗಿತ್ತು. ಹಕ್ಕಿಯ ಸದ್ದು ನಿಂತದ್ದನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ಈ ಜಿಲ್ಲೆಯವರಿಗೆ ಒಪ್ಪುವ ಮಾತಲ್ಲ.

ಮಾರ್ಗವನ್ನು ರಾತ್ರಿ ಮುಚ್ಚಿರಿ ಎಂಬ ಬೇಡಿಕೆಯೂ ಇಲ್ಲಿ ಬೇಡ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ತಡೆದದ್ದು ವನ್ಯಜೀವಿಗಳ ದೃಷ್ಟಿಯಿಂದ ಸರಿಯೇ ಇದ್ದೀತು, ಕರ್ನಾಟಕದ ಹೈಕೋರ್ಟೂ 2010ರಲ್ಲಿ ಎತ್ತಿಹಿಡಿದಿದೆ. ಆದರೆ ಅದು ಹುಲಿಗಳ ರಾಷ್ಟ್ರೀಯ ಉದ್ಯಾನ. ವಯನಾಡಿನವರು ಆ ತಡೆಯನ್ನು ವಿರೋಧಿಸಿ 2019ರಲ್ಲಿ ಉಪವಾಸ ಕುಳಿತದ್ದನ್ನೂ ಕಂಡಿದ್ದೇವೆ. ದೇಲಂಪಾಡಿಯ ಹೆರಿಗೆಯ ಹೆಂಗಸಿಗೆ ರಾತ್ರಿ ಮಾರ್ಗ ಬೇಕು. ಚಿರತೆಯ ಭಯ ಇರುವಲ್ಲಿ ಮಾರ್ಗದ ಬದಿಯ ಬಲ್ಲೆ ಕಡಿಯಿರಿ ಎಂದು ಶಾಲೆಗೆ ಹೋಗುವ ಮಕ್ಕಳ ತಂದೆತಾಯಿ ಕೇಳುವುದರಲ್ಲಿಯೂ ನ್ಯಾಯವಿದೆ. ಬಲ್ಲೆಯನ್ನು ನವೆಂಬರ್, ಡಿಸೆಂಬರಿನಲ್ಲಿ, ಮಳೆಗೆ ಬೆಳೆದದ್ದು ನಿಂತ ಮೇಲೆ ಕಡಿಯಿರಿ ಎಂದಷ್ಟೇ ನಮ್ಮ ಮಾತು. ಚಿರತೆಯನ್ನು ಕರೆಯುವುದು ಬಲ್ಲೆಗಿಂತ ಹೆಚ್ಚಾಗಿ ನಾಯಿ, ನಾಯಿಯನ್ನು ಕರೆಯುವುದು ಕಾಡಿನ ತಿರುವಿನಲ್ಲಿ ರಾತ್ರೋರಾತ್ರಿ ಎಸೆದುಹೋಗುವ ಕೋಳಿ ಅಂಗಡಿಯ ಚೀಲ. ಅದೇ ಚೀಲ ಕಾಗೆಯನ್ನೂ ಕರೆಯುತ್ತದೆ. ಕಾಗೆ ಚೀಲ ಮುಗಿದ ಮೇಲೆ ಪಕ್ಕದ ಗೂಡಿನ ಮೊಟ್ಟೆಗೆ ಬಾಯಿಹಾಕುತ್ತದೆ. ಹಾಗೆ ಎಸೆಯುವವರಲ್ಲಿ ಕನ್ನಡಿಗರು, ಮಲಯಾಳಿಗಳು ಎಂಬ ಭೇದವಿಲ್ಲ.

ಕಾಡಿನ ತುಂಡು ಒಂದೋ ಎರಡೋ ಕಿಲೋಮೀಟರು. ಅಷ್ಟರಲ್ಲಿ ಮಾರ್ಗವನ್ನು 12 ಮೀಟರಿಗೆ ಹಿಗ್ಗಿಸದೆ ಇದ್ದಷ್ಟರಲ್ಲಿಯೇ ಗಟ್ಟಿಮಾಡಿ, ಎರಡು ತುದಿಯಲ್ಲಿ ಹಂಪು ಹಾಕಿದರೆ ಪ್ರಯಾಣದಲ್ಲಿ ಎರಡು ನಿಮಿಷ ಹೆಚ್ಚಾದೀತು. ತಿರುವಿನಲ್ಲಿ ದೊಡ್ಡ ಕನ್ನಡಿ ನಿಲ್ಲಿಸಿದರೆ ಹಾರನ್ ಅರ್ಧ ಕಡಿಮೆಯಾದೀತು. ದೀಪದ ಕಂಬಗಳನ್ನು ಮನೆಗಳಿರುವಲ್ಲಿ ಹಾಕಲಿ, ಮನೆಯಿಲ್ಲದ ಕಾಡಿಗೆ ಬೆಳಕು ಯಾರಿಗಾಗಿ? ಪೊಟರೆಯ ಮರ ಮಾರ್ಗದ ಮೇಲೆ ಬೀಳುವಂತಿದ್ದರೆ ಬಾಗಿದ ಗೆಲ್ಲನ್ನು ಮಾತ್ರ ಕಡಿದು ಬುಡವನ್ನು ಉಳಿಸಲು ಬರುತ್ತದೆಯೇ ಎಂದು ಮೊದಲು ನೋಡಲಿ, ಕಡಿಯಲೇಬೇಕಾದರೆ ಪೊಟರೆಯಲ್ಲಿ ಸಂಸಾರ ಇದೆಯೇ ಎಂದು ಒಂದು ದಿನ ಕಾದು ನೋಡಲಿ. ಇದಕ್ಕೆ ಕೋಟಿ ರೂಪಾಯಿ ಬೇಡ, ವಿದೇಶದಿಂದ ಪರಿಣತರೂ ಬೇಡ. ಆ ಕಾಡಿನ ಬದಿಯಲ್ಲಿಯೇ ಬಾಳಿದ ಕೊರಗ, ಮರಾಟಿ ಮನೆಗಳ ಹಿರಿಯರನ್ನು ಕೇಳಿದರೆ ಯಾವ ಮರದಲ್ಲಿ ಯಾವ ಹಕ್ಕಿ ಎಂದು ಬೆರಳು ತೋರಿಸಿ ಹೇಳಿಯಾರು.

ಕೊನೆಗೊಂದು ವ್ಯವಹಾರದ ಮಾತು. ಮಾರ್ಗದ ಕೆಲಸದ ನೋಟೀಸು ಮಲಯಾಳದಲ್ಲಿ ಮಾತ್ರ ಅಂಟಿಸಿದ್ದರಿಂದ ಗೊತ್ತೇ ಆಗಲಿಲ್ಲ ಎಂದು ನಮ್ಮವರು ಆಮೇಲೆ ಹೇಳುವುದುಂಟು. 1969ರ ಕೇರಳದ ಆಡಳಿತ ಭಾಷಾ ಕಾನೂನಿನ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಆ ಹಕ್ಕನ್ನು ನಾವು ಶಾಲೆಯ ಅಧ್ಯಾಪಕರ ನೇಮಕಕ್ಕೂ ಪಿ.ಎಸ್.ಸಿ. ಪರೀಕ್ಷೆಗೂ ಬಳಸಿದ್ದೇವೆ. ಒಂದು ಹಾಳೆಯಲ್ಲಿ ನಮ್ಮ ಊರಿನ ಕಾಡಿನ ಮಾರ್ಗದ ಹೆಸರು ಬರೆದು, ಅದರಲ್ಲಿ ಮರ ಮತ್ತು ಬಲ್ಲೆ ಕಡಿಯುವ ತಿಂಗಳು ಯಾವುದೆಂದು ಕೇಳಿ ಪಂಚಾಯತಿಗೊಂದು, ಲೋಕೋಪಯೋಗಿ ಇಲಾಖೆಗೊಂದು, ಅರಣ್ಯ ಕಛೇರಿಗೊಂದು ಪ್ರತಿ ಕನ್ನಡದಲ್ಲಿಯೇ ಕಳುಹಿಸಬಹುದು. ಮಂಗಟ್ಟೆ ಬಾಗಿಲು ಮೆತ್ತಿಕೊಳ್ಳುವ ಮೊದಲು, ಅಂದರೆ ಜನವರಿಯೊಳಗೆ, ಕಳುಹಿಸಿದರೆ ಒಳ್ಳೆಯದು.